ಗುಬ್ಬಿ ಡಬ್ಬ: ನಾಲ್ಕು ಸಲ ಬಿಚ್ಚಿ ಕಟ್ಟಿದ ಕಥೆ

ಮೊದ್ಲೇ ಹೇಳ್ಬಿಡ್ತೀನಿ, ಒಂದೇ ಸಲಕ್ಕೆ ಸರಿಹೋದ ಕೆಲ್ಸ ಅಲ್ಲ ಇದು. ಮಾರ್ಚಲ್ಲಿ ಶುರು ಮಾಡಿದ್ದು ಸಂಕ್ರಾಂತಿ ಹೊತ್ತಿಗೆ ಒಂದ್ ದಡ ಮುಟ್ತು, ಅದೂ ಪೂರ್ತಿ ಮುಟ್ಟಿದೆ ಅಂತ ಹೇಳಕ್ಕಾಗಲ್ಲ. ಯಾರಾದ್ರೂ ಟೆರೇಸಲ್ಲಿ ಗುಬ್ಬಿಗೆ ಕಾಳು ಇಡೋ ಡಬ್ಬ ಮಾಡ್ಬೇಕು ಅಂತಿದ್ರೆ ನಾನ್ ಮಾಡಿದ ತಪ್ಪುಗಳು ನಿಮಗೆ ಉಪಯೋಗಕ್ ಬರ್ಲಿ ಅಂತ ಬರೀತಿದೀನಿ ಅಷ್ಟೆ.

ನಮ್ಮನೆ ಮೈಸೂರಿನ ಸರಸ್ವತಿಪುರಂನಲ್ಲಿ, ಮೇಲಿನ ಮನೆ ಬಾಡಿಗೆಗೆ, ಕೆಳಗಡೆ ಓನರ್ ಅಂಕಲ್. ಮಾರ್ಚ್ 20ಕ್ಕೆ ಗುಬ್ಬಿ ದಿನ ಅಂತ ಮಗನ ಸ್ಕೂಲಲ್ಲಿ ನೀರಿನ ಬಾಟ್ಲಿಗೆ ಎರಡು ಮರದ ಚಮಚ ತೂರಿಸಿ ಫೀಡರ್ ಮಾಡ್ಕೊಂಡು ಬನ್ನಿ ಅಂದಿದ್ರು, ಮಾಡಿದ್ವಿ, ಫೋಟೋ ತೆಗೆದ್ವಿ, ಟೆರೇಸಲ್ಲಿ ನೇತುಹಾಕಿದ್ವಿ. ಮೂರನೇ ದಿನಕ್ಕೆ ಪಾರಿವಾಳ ಅದರ ಮೇಲೆ ಕೂತು ದಾರ ಸಮೇತ ಕೆಳಗ್ ಬೀಳಿಸ್ತು, ನವಣೆಯೆಲ್ಲ ಚೆಲ್ಲಾಪಿಲ್ಲಿ. ಮಗ ಮುಖ ಸಣ್ಣ ಮಾಡ್ಕೊಂಡ. ನಮ್ಮಪ್ಪ ಬಿಟ್ಟು ಹೋದ ಟೂಲ್ ಬಾಕ್ಸ್ ಅಟ್ಟದ ಮೇಲಿತ್ತು, ಸರಿ ಗಟ್ಟಿಯಾಗಿ ಒಂದು ಮಾಡೋಣ ಬಾ ಅಂದೆ.

ಸಂಪ್ ಕೆಲಸ ಮಾಡಿಸಿದಾಗ ಉಳಿದಿದ್ದ 4 ಇಂಚಿನ ಪಿವಿಸಿ ಪೈಪ್ ತುಂಡಿತ್ತು, ಒಂದೂವರೆ ಅಡಿಗೆ ಆಕ್ಸಾ ಬ್ಲೇಡಲ್ಲಿ ಕುಯ್ದು ಕೆಳಗೊಂದು ಮೇಲೊಂದು ಕ್ಯಾಪ್ ಹಾಕ್ದೆ. ಅರ್ಧ ಇಂಚಿನ ಬಿಟ್ ಹಾಕಿ ನಾಲ್ಕು ತೂತ ಕೊರೆದೆ, ತೂತದ ಕೆಳಗೆ ಕೂರಕ್ಕೆ ಬಿದಿರು ಕಡ್ಡಿ. ಸಂತೇಪೇಟೆಯಿಂದ ನವಣೆ, ಸಜ್ಜೆ, ನುಚ್ಚಕ್ಕಿ ತಂದಿದ್ದೆ, ತುಂಬಿದ ತಕ್ಷಣ ನಾಲ್ಕೂ ತೂತಿಂದ ನಲ್ಲಿ ಬಿಟ್ಟಂಗೆ ಸುರೀತು! ಇದು ಯಾರೂ ಹೇಳಲ್ಲ ನೋಡಿ. ನವಣೆ ಸಣ್ಣ ನುಣ್ಣನೆ ಕಾಳು, ತೂತಕ್ಕೆ ಒಳಗಡೆ ಒಂದು ಮರೆ ಇಲ್ದಿದ್ರೆ ಹರಿದು ಹೋಗತ್ತೆ. ಬಾಟ್ಲಿ ಮುಚ್ಚಳಗಳನ್ನ ಅರ್ಧರ್ಧ ಕತ್ತರಿಸಿ ಪ್ರತಿ ತೂತದ ಒಳಗಡೆ ಮೇಲ್ಭಾಗಕ್ಕೆ ಚಾವಣಿ ಥರ ಎಂಸೀಲಲ್ಲಿ ಅಂಟಿಸ್ದೆ, ಆಮೇಲೆ ಹಕ್ಕಿ ಕೊಕ್ಕಾಕಿ ಎಳೆದಷ್ಟೇ ಕಾಳು ಬರೋ ಹಂಗಾಯ್ತು. ಪೈಪ್ ಒಳಗೆ ಕೈ ತೂರಿಸಿ ಎಂಸೀಲ್ ಮೆತ್ತೋದು ಅಂದ್ರೆ ನರಕ, ಮೊದ್ಲು ಮರೆ ಅಂಟಿಸಿ ಆಮೇಲೆ ಕೆಳಗಿನ ಕ್ಯಾಪ್ ಹಾಕಿ, ನನ್ ಥರ ಉಲ್ಟಾ ಮಾಡ್ಬೇಡಿ. ಕೆಳಗಿನ ಕ್ಯಾಪಿಗೆ ನೀರು ಬಸಿಯಕ್ಕೆ ಸಣ್ಣ ಸಣ್ಣ ತೂತ ಮರೀಬೇಡಿ. ಚೆಲ್ಲಿದ ಕಾಳು ಹಿಡಿಯಕ್ಕೆ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ತಟ್ಟೆ.

ಐದು ದಿನ ಒಂದ್ ಹಕ್ಕೀನೂ ತಿರುಗಿ ನೋಡ್ಲಿಲ್ಲ. ಆರನೇ ದಿನ ಬೆಳಿಗ್ಗೆ ಎರಡು ಗುಬ್ಬಿ, ಆಮೇಲ್ ನಾಲ್ಕು, ಆ ವಾರ ಮುಗಿಯೋಷ್ಟರಲ್ಲಿ ಹತ್ತನ್ನೆರಡು. ನಮ್ ಖುಷಿ ಕೇಳ್ಬೇಡಿ. ಅದರ ಹಿಂದೇನೇ ಪಾರಿವಾಳ ಬಂತು, ಸೀದಾ ತಟ್ಟೆ ಮೇಲೆ. ಗುಬ್ಬಿ ಒಂದು 25 ಗ್ರಾಂ ಚಿಲ್ಲರೆ ತೂಗತ್ತೆ, ಪಾರಿವಾಳ 300 ಗ್ರಾಮಿನ ಆಸುಪಾಸು, ಅಂದ್ರೆ ಒಂದು ಹನ್ನೆರಡಕ್ಕೆ ಸಮ. ಪಾರಿವಾಳ ಜಗಳ ಆಡ್ತಿತ್ತು ಅಂತಲ್ಲ, ಅದಕ್ಕೆ ಜಗಳ ಆಡೋ ಅಗತ್ಯಾನೇ ಇರ್ಲಿಲ್ಲ. ಸಬರ್ಬನ್ ಬಸ್ ಸ್ಟ್ಯಾಂಡಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟ್ ಹಿಡಿಯೋರು ಇರ್ತಾರಲ್ಲ ಹಂಗೆ, ಬಂದು ಕೂತ್ರೆ ಜಾಗ ಅದರದ್ದು. ಗುಬ್ಬಿಗಳೆಲ್ಲ ಕೇಬಲ್ ವೈರ್ ಮೇಲೆ ಸಾಲಾಗಿ ಕೂತು ಕಾಯೋದು.

ತಟ್ಟೆ ತೆಗೆದೆ, ಕಡ್ಡಿಗಳನ್ನ 2 ಇಂಚಿಗೆ ಮೊಟಕು ಮಾಡ್ದೆ. ಪಾರಿವಾಳಕ್ಕೆ ಚಪ್ಪಟೆ ಜಾಗ ಬೇಕು, ಸಣ್ಣ ಕಡ್ಡೀಲಿ ರೆಕ್ಕೆ ಬಡ್ಕೊಂಡು ಒದ್ದಾಡಿ ಹೋಗ್ಬಿಡತ್ತೆ, ಅಲ್ಲಿಗೆ ಡಬ್ಬದಿಂದ ದೂರ ಆದ್ವು. ಆದ್ರೆ ಗುಬ್ಬಿ ತಿನ್ನೋದಕ್ಕಿಂತ ಕೆದಕಿ ಚೆಲ್ಲೋದು ಜಾಸ್ತಿ, ಆ ಕಾಳಿಗೆ ಪಾರಿವಾಳ ನೆಲದಲ್ಲಿ ಹಾಜರ್, ತಿಂದಾದ್ಮೇಲೆ ಪ್ಯಾರಪೆಟ್ ಮೇಲೆ ವಿಶ್ರಾಂತಿ, ಅದರ ನೇರ ಕೆಳಗಡೆ ಓನರ್ ಅಂಕಲ್ ಕಾರು. ಬಿಳೀ ಕಾರು ಆಗಿದ್ರೆ ಒಂದೆರಡು ದಿನ ಗೊತ್ತಾಗ್ತಿರ್ಲಿಲ್ವೇನೋ, ಅದು ಕಡುನೀಲಿ. "ನೋಡಮ್ಮಾ, ಪುಣ್ಯದ ಕೆಲಸ ನೀವು ಮಾಡ್ತೀರ, ಒರೆಸೋದ್ ನಾನು" ಅಂದ್ರು ಪಾಪ, ನಗ್ತಾನೇ ಅಂದ್ರು, ಆದ್ರೆ ಬಾಡಿಗೆದಾರರಿಗೆ ಆ ನಗು ಏನು ಅಂತ ಗೊತ್ತಿರತ್ತೆ.

ಇಷ್ಟರಲ್ಲಿ ನಾನು ಇನ್ನೊಂದು ಬುದ್ಧಿವಂತಿಕೆ ಮಾಡಿದ್ದೆ, ಹಕ್ಕಿಗೆ ಒಳ್ಳೇದು ಅಂತ ಯಾರೋ ಹೇಳಿದ್ರು ಅಂತ ಸೂರ್ಯಕಾಂತಿ ಬೀಜ ಬೆರೆಸಿದ್ದೆ. ಎರಡೇ ದಿನ. ಕುಕ್ಕರಹಳ್ಳಿ ಕೆರೆ ಕಡೆಯಿಂದ ಕೀ ಕೀ ಅಂತ ಗಿಣಿ ಹಿಂಡು ಇಳೀತು ನೋಡಿ, ಅಲ್ಲಿಗೆ ಗುಬ್ಬಿ ರಾಜ್ಯ ಮುಗೀತು. ಗಿಣಿಗೆ ಕಡ್ಡಿ ಚಿಕ್ಕದೋ ದೊಡ್ಡದೋ ಲೆಕ್ಕಾನೇ ಇಲ್ಲ, ಮೇಲಿನ ಕೊಕ್ಕೆ ಕಾಲಲ್ಲಿ ಹಿಡ್ಕೊಂಡು ತಲೆಕೆಳಗಾಗಿ ನೇತಾಡ್ತಾ ತಿನ್ನತ್ತೆ. ಅರ್ಧ ಇಂಚಿನ ತೂತ ಸಾಲಲ್ಲ ಅಂತ ಪಿವಿಸಿನೇ ಕಡಿದು ದೊಡ್ಡದು ಮಾಡ್ಕೊಂತು! ಇನ್ನೊಂದು ನೋಡಿ ನಂಗೆ ಆಶ್ಚರ್ಯ ಆಗಿದ್ದು: ಗಿಣಿ ತೂಕ 120 ಗ್ರಾಂ ಹತ್ರ ಹತ್ರ, ಉದ್ದ ಕಾಣೋದೆಲ್ಲ ಬಾಲ, ಆದ್ರೂ 300 ಗ್ರಾಂ ಪಾರಿವಾಳಾನ ಬಾಯಿ ತೆಗೆದು ಒಂದ್ ಸಲ ಗದರಿದ್ರೆ ಪಾರಿವಾಳ ಹಿಂದಕ್ಕೆ. ಆ ಕೊಕ್ಕಿನ ಮರ್ಯಾದೆ ಅದು. ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿ ಪಕ್ಷಿ ವಿಭಾಗದೋರು, ಮನೆ ಮನೆಯಲ್ಲಿ ಫೀಡರ್ ಮುಂದೆ ಕೂತು ಯಾವ ಹಕ್ಕಿ ಯಾವುದನ್ನ ಓಡಿಸ್ತು ಅಂತ ಬರೆದು ಕಳಿಸಿದ ಜನರ ಲೆಕ್ಕಾನೇ ಒಟ್ಟುಗೂಡಿಸಿ 2017ರಲ್ಲಿ ಒಂದು ಅಧ್ಯಯನ ಮಾಡಿದ್ರು. ಸಾಮಾನ್ಯವಾಗಿ ತೂಕ ಜಾಸ್ತಿ ಇರೋದೇ ಗೆಲ್ಲತ್ತೆ, ಆದ್ರೆ ಮರಕುಟುಕದಂಥವು ತೂಕಕ್ಕೆ ಮೀರಿ ಜೋರು ಅಂತ ಅದರಲ್ಲಿ ಕಂಡಿತ್ತು. ನಮ್ ಟೆರೇಸಲ್ಲಿ ಆ ಜಾಗಕ್ಕೆ ಗಿಣಿ. ಇದೇ ನಮ್ಮ ಗಿಣಿ ಲಂಡನ್ನಲ್ಲೂ ಬೇರೂರಿದೆ, ಫೀಡರ್ ಹತ್ರ ಗಿಣಿ ಇದ್ರೆ ಅಲ್ಲಿನ ಸಣ್ಣ ಹಕ್ಕಿಗಳು ತಿನ್ನೋದು ಕಮ್ಮಿ ಮಾಡ್ತವೆ ಅಂತ ಅಲ್ಲಿ ಪ್ರಯೋಗ ಮಾಡೇ ನೋಡಿದಾರೆ. ಸೂರ್ಯಕಾಂತಿ ನಿಲ್ಲಿಸ್ದೆ. ರುಚಿ ಹತ್ತಿದ ಗಿಣಿ ಬರೋದು ನಿಲ್ಲಿಸ್ಲಿಲ್ಲ.

ತರಕಾರಿ ಗಾಡಿಯೋರು ಒಬ್ರು ಅಕ್ಕಾ ಒಂದು ಹಿಡ್ಕೊಡ್ಲಾ ಸಾಕೊಳ್ಳಿ ಅಂದ್ರು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಗಿಣಿ ಹಿಡಿಯೋದೂ ತಪ್ಪು ಪಂಜರದಲ್ಲಿ ಇಡೋದೂ ತಪ್ಪು ಕಣಣ್ಣ ಅಂದೆ, ನಂಬ್ಲಿಲ್ಲ ಅನ್ಸತ್ತೆ.

ಸರಿ, ಎರಡನೇ ಡಬ್ಬ. ಇದು ನನ್ನ ಹೆಮ್ಮೆಯ ಕೂಸು, ಹಾಗಾಗಿ ಸ್ವಲ್ಪ ಉದ್ದ ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ಐಡಿಯಾ ಏನಂದ್ರೆ ಏತದ ಥರ, ಒಂದು ಕಡೆ ಹಕ್ಕಿ ಕೂರೋ ಕಡ್ಡಿ, ಇನ್ನೊಂದು ಕಡೆ ತೂಕ, ನಡುವೆ ತಿರುಗಕ್ಕೆ ಸೈಕಲ್ ಚಕ್ರದ ಕಡ್ಡಿ. ಹಗುರದ ಹಕ್ಕಿ ಕೂತ್ರೆ ಏನೂ ಆಗಲ್ಲ, ಭಾರದ ಹಕ್ಕಿ ಕೂತ್ರೆ ಕಡ್ಡಿ ಕೆಳಗಿಳಿದು ಅದಕ್ಕೆ ಸೇರಿಸಿರೋ ತಗಡು ಬಂದು ತೂತ ಮುಚ್ಚತ್ತೆ. ಡಬ್ಬಾನೂ ಬದಲಾಯಿಸ್ದೆ, ಹಳೇ ಎಣ್ಣೆ ಡಬ್ಬದ ತಗಡಲ್ಲಿ ಪೆಟ್ಟಿಗೆ, ಮುಂದೆ ಒಂದೇ ಉದ್ದನೆ ಸಂದು. ಲೆಕ್ಕ ಸುಲಭ: ಹಕ್ಕಿ ಕೂರೋ ಕಡೆ ತೋಳು 12 ಸೆಂಟಿಮೀಟರ್, ತೂಕದ ಕಡೆ 6 ಸೆಂಟಿಮೀಟರ್ ಇಟ್ಟೆ, ಅಂದ್ರೆ 60 ಗ್ರಾಂ ಕೂತಾಗ ಮುಚ್ಚಬೇಕು ಅಂದ್ರೆ ಆಕಡೆ 120 ಗ್ರಾಂ ಬೇಕು. ಇದಕ್ಕಿಂತ ಮುಂಚೆ ಕಡ್ಡಿದೂ ತಗಡಿಂದೂ ಸ್ವಂತ ತೂಕ ಸರಿದೂಗಿಸ್ಕೋಬೇಕು, ಅದನ್ನ ಮರೆತು ಮೊದಲ್ನೇ ಸಲ ಖಾಲಿ ಡಬ್ಬಾನೇ ಮುಚ್ಕೊಂಡು ಕೂತಿತ್ತು. ಮಾತ್ರೆ ಡಬ್ಬಿಯಲ್ಲಿ ನಟ್ಟು ವಾಷರ್ ಹಾಕಿ ಅಡುಗೆಮನೆ ತೂಕದ ಮಿಷಿನಲ್ಲಿ ಒಂದೊಂದೇ ಸೇರಿಸ್ತಾ ಹೋದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಏನವ್ವ ಇದು, ಚಿನ್ನ ತೂಗ್ತಿದ್ದಂಗೆ ತೂಗ್ತಿದೀಯ" ಅಂದ್ರು.

ಪಾರಿವಾಳ ಬಂದು ಕೂತ್ರೆ ಟಕ್ ಅಂತ ಮುಚ್ಕೊಳ್ತು, ಗೊರವಂಕ ಕೂತ್ರೂ ಮುಚ್ಕೊಳ್ತು. ನಾವ್ ಚಪ್ಪಾಳೆ ತಟ್ಟಿದ್ವಿ. ಆಮೇಲೆ ಒಂದು ಗುಬ್ಬಿ ಬಂತು, ತಿಂತು. ಎರಡ್ ಬಂತು, ತಿಂತು. ಮೂರನೇದು ಬಂದು ಪಕ್ಕದಲ್ಲಿ ಕೂತ್ಕೊಂತು, ಟಕ್! ಮೂರು ಇಪ್ಪತ್ತೈದ್ಲಿ 75, ನಾನು ಇಟ್ಟಿದ್ದು 60. ಗುಬ್ಬಿ ಯಾವತ್ತು ಒಂಟಿಯಾಗಿ ಊಟಕ್ ಬರತ್ತೆ ಹೇಳಿ? ಇಷ್ಟು ಸಾದಾ ವಿಷಯ ಹೊಳೀಲಿಲ್ವಲ್ಲ ಅಂತ ನನ್ ತಲೆಗೆ ನಾನೇ ಮೊಟಕಿಕೊಂಡೆ. ಮಗ ಬಿದ್ದೂ ಬಿದ್ದೂ ನಕ್ಕ. ವಾಷರ್ ಜಾಸ್ತಿ ಮಾಡಿ 90ಕ್ಕೆ ಏರಿಸ್ದೆ, ಮೂರು ಗುಬ್ಬಿ ಸರಿಹೋಯ್ತು, ನಾಲ್ಕನೇದು ಬಂದ್ರೆ ಮತ್ತೆ ಟಕ್. ಕಡ್ಡಿ ಮೂರು ಹಿಡಿಯೋಷ್ಟೇ ಚಿಕ್ಕದು ಮಾಡ್ದೆ. ಗೊರವಂಕಕ್ಕೆ ಇನ್ನೂ ಮುಚ್ಚತ್ತೆ, ಪಾರಿವಾಳಕ್ಕೆ ಮುಚ್ಚತ್ತೆ, ಬೆಳವಕ್ಕೂ ಮುಚ್ಚತ್ತೆ. ಗಿಣಿಗೆ? ಗಿಣಿ ಕಡ್ಡಿ ಮೇಲೆ ಕೂತ್ರೆ ತಾನೆ! ಡಬ್ಬದ ಮೇಲಿಂದ ಬಗ್ಗಿ, ಕತ್ತು ಇಳಿಬಿಟ್ಟು, ಆರಾಮಾಗಿ ಸಂದಿಗೆ ಬಾಯಿ ಹಾಕ್ತು. ಮೇಲೆ ಜಾರೋ ಹಂಗೆ ಇಳಿಜಾರು ತಗಡು ಹಾಕಿದ್ರೆ ಪಕ್ಕದಿಂದ ಅಂಚು ಹಿಡ್ಕೊಂತು. ಏಳು ವಾರ ಮಾಡಿದ ಮಿಷಿನ್ ಅದಕ್ಕೆ ಆಟದ ಸಾಮಾನು. ಆಮೇಲೆ ಆಷಾಢದ ಗಾಳಿ ಬಂತು, ರಾತ್ರಿಯೆಲ್ಲ ತಗಡು ಟಪ ಟಪ ಟಪ, ಎರಡನೇ ರಾತ್ರಿ ನಮ್ಮೆಜಮಾನ್ರು ಎದ್ದು ಹೋಗಿ ಬಿಚ್ಚಿಟ್ಟು ಬಂದು ಮಲಗಿದ್ರು, ಒಂದ್ ಮಾತೂ ಆಡ್ಲಿಲ್ಲ.

ಮಳೆಗಾಲದಲ್ಲಿ ಇನ್ನೊಂದು ಪಾಠ, ಎರಚಲಿಗೆ ನವಣೆ ಒದ್ದೆಯಾಗಿ ಗಟ್ಟಿ ಕಟ್ಟಿ ಬೂಸಲು ಬಂತು. ಅಂಥ ಕಾಳು ಇಡೋದಕ್ಕಿಂತ ಇಡದೇ ಇರೋದು ವಾಸಿ, ಬೂಸಲು ಕಾಳು, ಹಿಕ್ಕೆ ಬಿದ್ದ ತಟ್ಟೆ ಇದರಿಂದ್ಲೇ ಹಕ್ಕಿಗಳಿಗೆ ಒಂದರಿಂದ ಒಂದಕ್ಕೆ ರೋಗ ಹರಡೋದು, ಬೇರೆ ಬೇರೆ ಜಾತಿ ಹಕ್ಕಿ ಒಂದೇ ಜಾಗಕ್ಕೆ ಮುತ್ತಿದ್ರಂತೂ ಕೇಳ್ಬೇಡಿ. ಅವತ್ತಿಂದ ಭಾನುವಾರ ಬಂದ್ರೆ ಡಬ್ಬ ಬಿಚ್ಚಿ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಹಾಕಿ ತೊಳೆದು, ಚೆನ್ನಾಗಿ ಜಾಲಾಡಿ, ಬಿಸಿಲಲ್ಲಿ ಪೂರ್ತಿ ಒಣಗಿಸಿಯೇ ಮತ್ತೆ ತುಂಬೋದು. ಒಂದು ದಿನಕ್ಕೆ ಖಾಲಿ ಆಗೋಷ್ಟೇ ತುಂಬ್ತೀನಿ.

ಮೂರನೇದು ಬೋನು. ಹಳೇ ಪಿವಿಸಿ ಡಬ್ಬಾನೇ, ಗಿಣಿ ಕಡಿದ ತೂತಗಳ ಮೇಲೆ ತಗಡಿನ ಬಳೆ ಕಟ್ಟಿ ರಿಪೇರಿ ಮಾಡಿ, ಸುತ್ತ ವೆಲ್ಡ್ ಮೆಶ್. ಅಂಗಡಿಯೋನು 2 ಇಂಚಿನ ಕಣ್ಣಿಂದು ಕೊಟ್ಟ, ಪಾರಿವಾಳ ನುಗ್ಗಲ್ಲ ಗುಬ್ಬಿ ನುಗ್ಗತ್ತೆ ಅಂತ ನಾನೂ ತಂದೆ. ಡಬ್ಬಕ್ಕೂ ಜಾಲರಿಗೂ ಎರಡೇ ಇಂಚು ಸಂದು ಬಿಟ್ಟಿದ್ದು ನನ್ನ ತಪ್ಪು. ಗಿಣಿ ಹೊರಗಡೆ ಜಾಲರಿ ಹಿಡ್ಕೊಂಡು ತಲೆ ಕತ್ತು ಭುಜದ ತನಕ ಒಳಗೆ ತೂರಿಸಿ ತಿಂತಿತ್ತು, ಹಿಂಬದಿಯಿಂದ ನೋಡಿದ್ರೆ ಬರೀ ಹಸಿರು ಬಾಲ ಅಲ್ಲಾಡೋದು. ಆಗ ಗೊತ್ತಾಗಿದ್ದು, ಕಣ್ಣಿನ ಅಳತೆ ಎಷ್ಟು ಮುಖ್ಯವೋ ಜಾಲರಿಯಿಂದ ಕಾಳಿಗೆ ಇರೋ ದೂರಾನೂ ಅಷ್ಟೇ ಮುಖ್ಯ. ಬಿಚ್ಚಿ ಮತ್ತೆ ಕಟ್ದೆ, ಇದೇ ನಾಲ್ಕನೇದು: ಒಂದೂವರೆ ಇಂಚಿನ ಕಣ್ಣು, ಸುತ್ತಲೂ 6 ಇಂಚು ಸಂದು, ಮೇಲೆ ಕೆಳಗೂ ಜಾಲರಿ. ಗುಬ್ಬಿ ಗೂಡಿನ ಪೆಟ್ಟಿಗೆಗೆ 32 ಮಿಲಿಮೀಟರ್ ತೂತ ಸಾಕಾಗತ್ತೆ, ಒಂದೂವರೆ ಇಂಚು ಅಂದ್ರೆ 38, ಹಾಗಾಗಿ ಗುಬ್ಬಿಗೆ ಧಾರಾಳ. ಕತ್ತರಿಸಿದ ಕಂಬಿ ತುದಿಗಳನ್ನೆಲ್ಲ ಪಕ್ಕಡಲ್ಲಿ ಒಳಕ್ಕೆ ಮಡಿಸಿ ಅರ ಹಾಕಿ, ಇಲ್ಲಾಂದ್ರೆ ಹಕ್ಕಿಗೂ ಗಾಯ, ನಿಮಗೂ ಗಾಯ. ನನ್ನ ಎಡಗೈ ಹೆಬ್ಬೆರಳು ಅದಕ್ಕೆ ಸಾಕ್ಷಿ, ಟಿಟಿ ಇಂಜೆಕ್ಷನ್ ಬೇರೆ.

ಮೂರು ದಿನ ಗುಬ್ಬಿಗಳು ಹೊರಗಿಂದ ನೋಡಿದ್ವು, ನಾಲ್ಕನೇ ದಿನ ಒಂದು ಧೈರ್ಯಸ್ಥೆ ನುಗ್ಗಿದ್ಲು, ಆಮೇಲೆ ಎಲ್ಲ. ಗಿಣಿ ಬಂದು ಜಾಲರಿ ಸುತ್ತ ಎರಡು ರೌಂಡ್ ಹಾಕಿ, ಕಂಬಿ ಕಚ್ಚಿ, ಬೈದು ಹೋಯ್ತು. ಪಾರಿವಾಳ ಮೇಲೆ ಕೂತು ಕೆಳಗೆ ನೋಡ್ತಾ ಇರತ್ತೆ ಅಷ್ಟೆ. ಚೆಲ್ಲಿದ ಕಾಳಿಗೆ ಬೋನಿನ ಒಳಗೇ ತಟ್ಟೆ ಇಟ್ಟಿದ್ರಿಂದ ನೆಲಕ್ಕೆ ಬೀಳೋದು ನಿಂತು, ಅಂಕಲ್ ಕಾರೂ ಬಚಾವ್.

ಇನ್ನು ಅಳಿಲು. ಅಳಿಲಿಗೆ ಒಂದೂವರೆ ಇಂಚು ಅಂದ್ರೆ ಮಹಾದ್ವಾರ. ಒಳಗೆ ನುಗ್ಗಿ ಕೂತು ಎರಡೂ ಕೈಯಲ್ಲಿ ಹಿಡ್ಕೊಂಡು ತಿನ್ನೋದು, ಗುಬ್ಬಿಗಳು ಹೊರಗೆ. ಬೋನನ್ನ ಪ್ಯಾರಪೆಟ್ಟಿಂದ ಆರಡಿ ದೂರಕ್ಕೆ ಎಳೆದು, ಬಟ್ಟೆ ಒಣಗಿಸೋ ಕಂಬಿಯಿಂದ ಉದ್ದ ತಂತಿಯಲ್ಲಿ ಇಳಿಬಿಟ್ಟು, ನಡುವೆ ಹಳೇ ಸ್ಟೀಲ್ ತಟ್ಟೆಗೆ ತೂತ ಮಾಡಿ ಬೋರಲು ಹಾಕ್ದೆ, ಬಿಗಿಯಾಗಲ್ಲ, ಅಲ್ಲಾಡೋ ಹಂಗೆ. ಅಳಿಲು ತಟ್ಟೆ ಮೇಲೆ ಬಂದ್ರೆ ತಟ್ಟೆ ವಾಲಿ ಅದನ್ನ ಜಾರಿಸಿಬಿಡತ್ತೆ. ಮೂರು ಸಲ ಜಾರಿ ಬಿಟ್ಬಿಡ್ತು. ಈ ಒಂದು ವಿಷಯದಲ್ಲಿ ಮಾತ್ರ ನಾನ್ ಮೊದಲ ಸಲಕ್ಕೆ ಗೆದ್ದಿದ್ದು.

ಬೋನೊಳಗೆ ಶಾಂತಿ ಇದೆ ಅಂದ್ಕೊಂಡ್ರೆ ಅದೂ ಇಲ್ಲ. ಕಪ್ಪು ಗಡ್ಡ ದಪ್ಪಗಿರೋ ಒಂದು ಗಂಡು ಗುಬ್ಬಿ ಇದೆ, ಮಗ ಅದಕ್ಕೆ ಮೇಷ್ಟ್ರು ಅಂತ ಹೆಸರಿಟ್ಟಿದಾನೆ, ಒಂದು ತೂತದಲ್ಲಿ ತಿಂತಾ ಪಕ್ಕದ ತೂತಕ್ಕೆ ಬಂದೋರನ್ನೂ ಕುಟ್ಟತ್ತೆ. ಚುಕ್ಕೆ ರಾಟವಾಳಗಳು ಬರ್ತವೆ, ಗುಬ್ಬಿಯ ಅರ್ಧ ತೂಕ, ಮೇಷ್ಟ್ರು ಇದ್ರೆ ಹತ್ರಾನೂ ಸುಳಿಯಲ್ಲ, ಮಧ್ಯಾಹ್ನ ಗುಬ್ಬಿಗಳು ಮಣ್ಣಾಟಕ್ಕೆ ಹೋದಾಗ ಗುಂಪಾಗಿ ಬಂದು ಲಗುಬಗೆಯಲ್ಲಿ ತಿಂದು ಹೋಗ್ತವೆ. ಇದಕ್ಕೆ ಡಬ್ಬದ ಇನ್ನೊಂದು ಮಗ್ಗುಲಲ್ಲಿ, ಎತ್ತರ ಬದಲಿಸಿ ಎರಡು ಹೊಸ ತೂತ ಕೊರೆದೆ, ಈ ಕಡೆ ಕೂತೋನಿಗೆ ಆ ಕಡೆ ಕೂತೋರು ಕಾಣ್ಬಾರ್ದು ಅಂತ. ಕಾಣದಿದ್ರೆ ಜಗಳ ಅರ್ಧಕ್ಕರ್ಧ ಕಮ್ಮಿ. ಆದ್ರೆ ಮರಿ ಮಾಡೋ ಟೈಮಲ್ಲಿ ಗುಬ್ಬಿ ಮರಿಗೆ ಹುಳ ಹುಪ್ಪಟೆನೇ ಬೇಕು, ನಮ್ ಕಾಳು ದೊಡ್ಡೋರಿಗೆ ಮಾತ್ರ, ಹಾಗಾಗಿ ನಾಲ್ಕು ಕುಂಡದಲ್ಲಿ ಅವರೆ, ತುಳಸಿ ಇಟ್ಟು ಔಷಧಿ ಹೊಡೆಯೋದು ಬಿಟ್ಟಿದೀನಿ.

ಮಹಾಲಯ ಅಮಾವಾಸ್ಯೆಗೆ ಮಾವನ ಹೆಸರಲ್ಲಿ ಅತ್ತೆ ಎಡೆ ಇಟ್ಟು ಕಾಗೆ ಕರೆದ್ರು. ಬೋನು ನೋಡಿ ಕಾಗೆ ಹೆದರ್ಕೊಂಡು ಅವತ್ತು ಅರ್ಧ ಗಂಟೆ ಬರ್ಲೇ ಇಲ್ಲ, ನನಗೆ ಬೈಗುಳ. "ಎಲ್ರಿಗೂ ಒಂದೇ ಕಡೆ ಇಕ್ಬುಟ್ಟು ಕಿತ್ತಾಡ್ಬೇಡಿ ಅಂದ್ರೆ ಆಯ್ತದಾ" ಅಂದು ಕಾಗೆಗೆ ಹಿತ್ತಲ ಕಡೆ ಗೋಡೆ ಮೇಲೆ ಬೇರೆ ಜಾಗ ಮಾಡಿದ್ರು, ದಿನಾ ಬೆಳಿಗ್ಗೆ ಒಂದು ತುತ್ತು ಅನ್ನ ಅಲ್ಲೇ. ನೋಡಿದ್ರೆ ಕಾಗೆ ಈ ಕಡೆ ಬರೋದೇ ಬಿಡ್ತು.

ಜನವರಿಯಲ್ಲಿ ಅತ್ತೆಯ ತಮ್ಮ ಪಾಂಡವಪುರದ ಹತ್ರದ ಊರಿಂದ ಬಂದ್ರು, ಸಂಕ್ರಾಂತಿಗೆ ಕಬ್ಬು ಅವರೆಕಾಯಿ ಜೊತೆ ಹೊಸ ಭತ್ತದ ತೆನೆ ಒಂದು ಕಟ್ಟು. ಅತ್ತೆ ಕೂತು ಅದನ್ನ ಜಡೆ ಥರ ಹೆಣೆದು, ತೆನೆಗಳು ಕೆಳಗೆ ಜೋಲೋ ಹಂಗೆ ಕುಚ್ಚು ಮಾಡಿ, ಬಾಗಿಲ ಪಕ್ಕ ಸಜ್ಜದ ಕೊಕ್ಕೆಗೆ ಹುರಿಯಲ್ಲಿ ಕಟ್ಟಿದ್ರು. ಅವರ ತವರಲ್ಲಿ ಜಗಲಿ ತೊಲೆಗೆ ವರ್ಷವರ್ಷ ಕಟ್ತಿದ್ರಂತೆ. ಒಟ್ಟು ಕೆಲಸ ಇಪ್ಪತ್ತು ನಿಮಿಷ. ನಾನು ಬೋನಿಗೆ ಹಾಕಿದ್ದು ಮೆಶ್, ತಂತಿ, ಎಂಸೀಲ್ ಎಲ್ಲ ಸೇರಿ 640 ರೂಪಾಯಿ, ಹತ್ತು ತಿಂಗಳು. ಮಧ್ಯಾಹ್ನಕ್ಕೆ ಗುಬ್ಬಿ ಬಂದು ತೆನೆಗೆ ಜೋತುಬಿದ್ವು. ಅಲ್ಲಾಡೋ ತೆನೆ ಮೇಲೆ ಪಾರಿವಾಳಕ್ಕೆ ಕಾಲೂರಕ್ಕೆ ಆಗಲ್ಲ. ರಾಟವಾಳ ಬಂತು, ಮೇಷ್ಟ್ರು ಒಂದು ತೆನೆಲಿದ್ರೆ ಇವು ಇನ್ನೊಂದರಲ್ಲಿ, ಅಷ್ಟು ತೆನೆ ಅವನು ಕಾಯಕ್ಕಾಗಲ್ಲ. ನನಗೆ ಕುತೂಹಲ ಇದ್ದಿದ್ದು ಗಿಣಿ, ಯಾಕಂದ್ರೆ ಗದ್ದೆಯಲ್ಲಿ ಭತ್ತದ ತೆನೆ ಕಂಡ್ರೆ ಗಿಣಿ ಬಿಡೋ ಪ್ರಾಣಿನಾ? ಬಂತು, ಎದುರು ಕಂಬಿ ಮೇಲೆ ಕೂತು ಕತ್ತು ಓರೆ ಮಾಡಿ ನೋಡ್ತು, ಬಾಗಿಲಲ್ಲಿ ಅತ್ತೆ ಅವರೆಕಾಯಿ ಸುಲೀತಾ ಕೂತಿದ್ರು, ಎದ್ದು ಹೋಯ್ತು. ಗುಬ್ಬಿಗೆ ಮನುಷ್ಯರ ಹತ್ರ ಭಯ ಇಲ್ಲ, ಮೂರಡಿ ದೂರದಲ್ಲಿ ಅತ್ತೆ ಇದ್ರೂ ತಿಂತಾನೇ ಇದ್ವು. ಗಿಣಿಗೆ ಅಷ್ಟು ಧೈರ್ಯ ಇಲ್ಲ. ಇಷ್ಟು ದಿನ ನಾನು ಇಂಚು ಗ್ರಾಂ ಅಂತ ಅಳೀತಾ ಇದ್ದೆ, ಬಾಗಿಲಿಂದ ಎಷ್ಟು ದೂರ ಅಂತ ಒಂದ್ ದಿನಾನೂ ಅಳೆದಿರ್ಲಿಲ್ಲ.

ಬೋನನ್ನೂ ಬಾಗಿಲ ಕಡೆಗೆ ಎರಡಡಿ ಜರುಗಿಸಿದೀನಿ ಈಗ. ತೆನೆ ಮುಗಿದ್ರೆ ಇನ್ನೆರಡು ಕಟ್ಟು ಅಟ್ಟದಲ್ಲಿದೆ.

ಹೋದ ವಾರ ಎಲ್ಲರೂ ಮೂರು ದಿನ ಊರಿಗೆ ಹೋಗಿದ್ವಿ, ಬಾಗಿಲಿಗೆ ಬೀಗ. ಬಂದು ನೋಡಿದ್ರೆ ಕುಚ್ಚು ಬರೀ ಹುಲ್ಲು, ನೆಲದ ಮೇಲೆ ಕಾಳಿನ ಹೊಟ್ಟಲ್ಲ, ತೆನೆ ತೆನೇನೇ ಕತ್ತರಿಸಿ ಬಿಸಾಕಿರೋದು, ಒಂದು ಹಸಿರು ಗರಿ ಬೇರೆ. ಬೋನೊಳಗಿನ ನವಣೆ ಮಾತ್ರ ಗುಬ್ಬಿಗಳೇ ತಿಂದಿದ್ವು. ಅತ್ತೆ ಗರಿ ಎತ್ಕೊಂಡು ಮಗನ ಕೈಗೆ ಕೊಟ್ಟು, "ಮುಂದ್ಲ ಸಲ ನೀವ್ ಓಗ್ಬನ್ನಿ, ನಾ ಇಲ್ಲೇ ಕುಂತಿರ್ತೀನಿ" ಅಂದ್ರು.